ಪಟ್ಟಿಯ ಮೇಲಿನ ಮೂವರು

ಯಾವ ಪಟ್ಟಿಯನ್ನು ಮುಂದಿಟ್ಟರೂ ನನ್ನ ದೃಷ್ಟಿ ಮೊದಲನೆಯ ಹೆಸರಿನ ಮೇಲೆ ಹೋಗಿ ಕುಳಿತುಬಿಡುತ್ತದೆ, ಕೆಳಗಿಳಿಯುವುದಿಲ್ಲ. ಹೋಟೆಲಿಗೆ ಹೋದರೆ ತಿಂಡಿಪಟ್ಟಿಯ ಮೊದಲ ಪದಾರ್ಥವನ್ನೇ ತರಿಸುತ್ತೇನೆ. ಅದು ಹೆಸರು ಕೇಳಿರದ ಯಾವುದೋ ಸೂಪಾಗಿದ್ದರೂ ಗಂಭೀರವಾಗಿ ಕುಡಿದು ಎದ್ದು ಬರುತ್ತೇನೆ. ಇದನ್ನು ನೀವು ಆಲಸ್ಯವೆಂದು ತಿಳಿಯಬಹುದು, ನನ್ನ ಹೆಂಡತಿ ಗಿರಿಜಾ ಹಾಗೆಯೇ ತಿಳಿದಿದ್ದಾಳೆ. ಆದರೆ ಮೂರು ದಶಕ ಬ್ಯಾಂಕಿನಲ್ಲಿ ಸವೆದವನಿಗೆ ಪಟ್ಟಿಯೆಂದರೆ ಜ್ಯೇಷ್ಠತಾ ಪಟ್ಟಿ. ಮೇಲಿರುವವನು ಹಿರಿಯ, ಕೆಳಗಿರುವವನು ಮೊನ್ನೆ ಸೇರಿದವನು. ಈ ಸನಾತನ ಕ್ರಮವನ್ನು ಸಂಶಯಿಸಿದವನಿಗೆ ಬಡ್ತಿ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ನನಗೆ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗಾವಣೆಯಾದಾಗ ಮಗಳು ಪಲ್ಲವಿ ಚೊಚ್ಚಲ ಹೆರಿಗೆಗೆಂದು ಪುಣೆಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಚೊಚ್ಚಲು ತವರಿನಲ್ಲೇ ಆಗಬೇಕೆಂಬುದು ನಮ್ಮ ಬಾಗಲಕೋಟೆ ಕಡೆಯ ಪದ್ಧತಿ. ಬ್ಯಾಂಕಿನವನ ಮಗಳಿಗೆ ತವರು ಎಂದರೆ ಅಪ್ಪನ ಆ ವರ್ಷದ ಬಾಡಿಗೆ ಮನೆ, ಅಷ್ಟೇ ವ್ಯತ್ಯಾಸ. ಅವಳು ಹುಟ್ಟಿದ್ದು ಒಂದೂರು, ಮಾತು ಕಲಿತದ್ದು ಇನ್ನೊಂದೂರು. ಅವಳ ಕನ್ನಡದಲ್ಲಿ ನಮ್ಮ ವರ್ಗಾವಣೆಯ ಆದೇಶಗಳೆಲ್ಲ ಕೇಳಿಬರುತ್ತವೆ. ನಮ್ಮ ಸಂಸಾರದಲ್ಲಿ ಊರೂರು ತಿರುಗಿಯೂ ಬದಲಾಗದೆ ಉಳಿದಿದ್ದು ಒಂದೇ ವಸ್ತು, ಗಿರಿಜಾಳ ತವರಿನಿಂದ ಬಂದ ತೇಗದ ತೊಟ್ಟಿಲು. ಅದರಲ್ಲಿ ಅವಳ ತಾಯಿ ಮಲಗಿದ್ದರು, ಅವಳು ಮಲಗಿದ್ದಳು, ಪಲ್ಲವಿ ಮಲಗಿದ್ದಳು. ನಾಲ್ಕನೆಯ ತಲೆಮಾರು ಅದರಲ್ಲಿ ಮಲಗುವುದನ್ನು ನೋಡಬೇಕೆಂಬುದನ್ನು ಬಿಟ್ಟರೆ ಗಿರಿಜಾ ನನ್ನಿಂದ ಈ ಜನ್ಮದಲ್ಲಿ ಹೆಚ್ಚೇನೂ ಕೇಳಿದವಳಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಬಲ್ಲಳು.

ಸಾಮಾನು ಸಾಗಿಸುವವರನ್ನು ಗೊತ್ತುಮಾಡುವ ಹೊಣೆ ನನ್ನದಾಯಿತು. ನಮ್ಮ ಬ್ಯಾಂಕಿನಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಬೇಕು, ಕನಿಷ್ಠ ದರದವನಿಗೆ ಕೆಲಸ ಕೊಡಬೇಕು, ಕಡತದಲ್ಲಿ ಟಿಪ್ಪಣಿ ಇಡಬೇಕು. ಮನೆಯನ್ನೂ ನಾನು ಇದೇ ಶಿಸ್ತಿನಿಂದ ನಡೆಸಿಕೊಂಡು ಬಂದಿದ್ದೇನೆ. ಮೊಬೈಲಿನಲ್ಲಿ ‘ನಾಸಿಕ್ ಪ್ಯಾಕರ್ಸ್ ಮೂವರ್ಸ್’ ಎಂದು ಹುಡುಕಿದೆ. ಪಟ್ಟಿ ಬಂತು. ಮೇಲಿನ ಮೂವರು ಹಿರಿಯರನ್ನು ಆರಿಸಿಕೊಂಡು ಫೋನು ಮಾಡಿದೆ. ಮೂವರೂ ವಿನಯಶೀಲರು, ಮೂವರೂ ಹಿಂದಿಯಲ್ಲಿ ‘ನಿಮ್ಮ ಸಾಮಾನು ನಮ್ಮ ಸಾಮಾನೇ ಅಂತ ತಿಳಿಯಿರಿ’ ಎಂದರು. ಆ ಮಾತು ಅಕ್ಷರಶಃ ನಿಜವಾಗಲಿದೆ ಎಂದು ಆಗ ತಿಳಿಯಲಿಲ್ಲ. ಮೂರೂ ಕರೆಗಳ ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ನಾಸಿಕ್ ನಗರಕ್ಕೆಲ್ಲ ಅದು ಅಡುಗೆಯ ಹೊತ್ತೆಂದು ಭಾವಿಸಿದೆ. ತುಲನಾತ್ಮಕ ಪಟ್ಟಿ ಬರೆದು, ಮೊದಲನೆಯವನದೇ ಆಗಿದ್ದ ಕನಿಷ್ಠ ದರಕ್ಕೆ ಗೆರೆ ಎಳೆದು, ಸಹಿ ಮಾಡಿ, ಎರಡನೆಯ ಅಧಿಕಾರಿಯ ಸಹಿಗಾಗಿ ಗಿರಿಜಾಳ ಮುಂದೆ ಹಿಡಿದೆ. ಅವಳ ಕೈಯಲ್ಲಿ ಹಿಟ್ಟಿತ್ತು. ಆ ಕಾಗದದ ಮೇಲೆ ಇಂದಿಗೂ ಜೋಳದ ಹಿಟ್ಟಿನ ಹೆಬ್ಬೆಟ್ಟಿದೆ.

ಸಾಮಾನು ಏರಿಸಿಕೊಂಡು ಗಾಡಿ ಹೊರಟಿತು. ನಾವು ಪಲ್ಲವಿಯನ್ನು ಕಾರಿನಲ್ಲಿ ಜೋಪಾನವಾಗಿ ಕೂರಿಸಿಕೊಂಡು ಎರಡು ಚೀಲಗಳೊಡನೆ ಸಂಭಾಜಿನಗರ ಸೇರಿದೆವು. ಸಂಜೆಗೆ ಬರಬೇಕಾದ ಗಾಡಿ ಬರಲಿಲ್ಲ. ಮರುದಿನ ಮೊಮ್ಮಗಳು ಬಂದಳು, ಗಾಡಿ ಬರಲಿಲ್ಲ. ಹನ್ನೆರಡನೆಯ ದಿನಕ್ಕೆ ತೊಟ್ಟಿಲು ಹಾಕುವುದೆಂದು ಗೊತ್ತಾಗಿ, ಪುಣೆಯ ಬೀಗರಿಗೂ ನಮ್ಮ ಪ್ರಾದೇಶಿಕ ವ್ಯವಸ್ಥಾಪಕರಿಗೂ ಹೇಳಿದ್ದಾಯಿತು. ಗಾಡಿ ಮಾತ್ರ ಫೋನಿನಲ್ಲಿ ದಿನಾ ಹೊರಡುತ್ತಿತ್ತು. ‘ಗಾಡೀ ನಿಕಲ್ ಚುಕೀ ಹೈ ಸರ್’ ಎಂಬ ಆ ಮಧುರ ಧ್ವನಿ ಹನ್ನೊಂದು ದಿನ ನನ್ನನ್ನು ಸಾಕಿತು. ಖಾಲಿ ಹಜಾರದಲ್ಲಿ ಚಾಪೆಯ ಮೇಲೆ ಕುಳಿತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದ ಗಿರಿಜಾ ಬೈಯುವುದನ್ನೂ ನಿಲ್ಲಿಸಿದ್ದಳು. ಅದು ನನಗೆ ನಿಜವಾಗಿ ಹೆದರಿಕೆ ತಂದಿತು.

ಮಡಚುವ ಸ್ಟೀಲಿನ ತೊಟ್ಟಿಲೊಂದನ್ನು ತರೋಣವೇ ಎಂದು ಕೇಳಿದೆ.

“ತರ್ರಿ. ಮೂರು ಕೊಟೇಶನ್ ತಗೊಂಡ ತರ್ರಿ” ಎಂದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, “ನಮ್ಮವ್ವನ ತೊಟ್ಟಲಾರಿ ಅದು. ನಿಮಗ ಅದು ಸಾಮಾನಿನ ಪಟ್ಟಿಯೊಳಗ ಒಂದ ನಗಾ ಇರಬೌದು” ಎಂದಳು.

ರೋಷದಿಂದ ಎದ್ದು, ನನ್ನ ಪಟ್ಟಿಯ ಎರಡನೆಯ ಹಿರಿಯನಿಗೆ ಫೋನು ಮಾಡಿದೆ. ಮೊದಲನೆಯವನು ಮೋಸಗಾರ, ನನ್ನ ಸಾಮಾನನ್ನು ಹುಡುಕಿ ತಂದುಕೊಡುವಿರಾ ಎಂದು ದೀನನಾಗಿ ಕೇಳಿದೆ. ಆತ ಮನಕರಗಿ ಆಲಿಸಿದ. ಇಂಥವರಿಂದಲೇ ನಮ್ಮ ದಂಧೆಗೆ ಕೆಟ್ಟ ಹೆಸರು ಎಂದು ಮರುಗಿದ. ನಾನಿನ್ನೂ ಹೆಸರು ಹೇಳಿರಲಿಲ್ಲ, ಅಷ್ಟರಲ್ಲಿ “ವೋ ಝೂಲೇ ವಾಲಾ ಸಾಮಾನ್ ನಾ ಸರ್? ಗಾಡೀ ನಿಕಲ್ ಚುಕೀ ಹೈ” ಎಂದು ತೊಟ್ಟಿಲಿನ ಸುದ್ದಿಯನ್ನು ತಾನೇ ಎತ್ತಿಬಿಟ್ಟ. ಹಿಂದೆ ಕುಕ್ಕರ್ ಸೀಟಿ ಹೊಡೆಯಿತು. ಮೂರನೆಯವನಿಗೆ ಫೋನು ಮಾಡುವ ಧೈರ್ಯ ನನಗೆ ಬರಲಿಲ್ಲ. ಒಬ್ಬನೇ ಮನುಷ್ಯನಿಂದ ಮೂರು ದರ ತರಿಸಿ, ಅವನನ್ನು ಅವನೊಡನೆಯೇ ಹೋಲಿಸಿ, ಅವನಿಗಿಂತ ಅವನೇ ಅಗ್ಗವೆಂದು ತೀರ್ಮಾನಿಸಿದ ಅಧಿಕಾರಿ ನಾನು.

ಮಗುವಿಗೆ ಹಾಲು ಕುಡಿಸುತ್ತಿದ್ದ ಪಲ್ಲವಿ ನನ್ನ ಮುಖ ನೋಡಿ ಮೊಬೈಲು ಕೇಳಿ ತೆಗೆದುಕೊಂಡಳು. “ಪಪ್ಪಾ, ಹೇ ಬಘಾ. ಈ ಮೂರರ ಮ್ಯಾಲ ಸ್ಪಾನ್ಸರ್ಡ್ ಅಂತ ಬರದದಲ್ಲ? ಇವು ಆ್ಯಡ್ಸ್. ಪೈಸಾ ಕೊಟ್ಟು ಮ್ಯಾಲ ಬಂದಾವ. ಖರೇ ರಿಝಲ್ಟ್ ಖಾಲೀ ಇರತಾವ, ಸ್ಕ್ರೋಲ್ ಮಾಡಬೇಕು.”

ಮರಾಠಿಯಲ್ಲಿ ಹೇ ಬಘಾ ಎಂದರೆ ಇದು ನೋಡಿ, ಖಾಲೀ ಎಂದರೆ ಕೆಳಗೆ. ನಾನು ಕನ್ನಡಕ ಏರಿಸಿ ನೋಡಿದೆ. ಇತ್ತು ಆ ಪದ, ಮಾಸಲು ಬಣ್ಣದಲ್ಲಿ, ಸಾಸಿವೆಗಿಂತ ಚಿಕ್ಕದಾಗಿ. ಇಷ್ಟು ಸಣ್ಣಗೆ ಬರೆದರೆ ಸಜ್ಜನರು ಓದುವುದು ಹೇಗೆ ಎಂದು ಗುಡುಗಬೇಕೆಂದಿದ್ದೆ. ಬಾಯಿ ತೆರೆಯುವ ಮೊದಲೇ ಬ್ಯಾಂಕಿನ ನನ್ನದೇ ಕುರ್ಚಿ ಕಣ್ಣ ಮುಂದೆ ಬಂತು. ಷರತ್ತುಗಳನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿ, ‘ಇಲ್ಲೊಂದು ಸಹಿ, ಅಲ್ಲೊಂದು ಸಹಿ’ ಎಂದು ಬೆರಳು ತೋರಿಸುವುದೇ ನನ್ನ ಜೀವನವೃತ್ತಿ.

ಅದಕ್ಕಿಂತಲೂ ಹೆಚ್ಚಾಗಿ ನೆನಪಿಗೆ ಬಂದು ಚುಚ್ಚಿದವರು ಸಟಾಣಾ ಕಡೆಯ ಒಬ್ಬ ದಾಳಿಂಬೆ ಬೆಳೆಗಾರರು. ನಾಸಿಕ್ ಶಾಖೆಯಲ್ಲಿ ನನ್ನ ಮುಂದೆ ಕುಳಿತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೊಮ್ಮಕ್ಕಳ ಓದಿಗೆ ಯಾವ ಯೋಜನೆ ಒಳ್ಳೆಯದು ಸಾಹೇಬ, ನೀವೇ ಹೇಳಿ ಎಂದಿದ್ದರು. ನಾನು ಆ ತಿಂಗಳು ನಮ್ಮ ಶಾಖೆಗೆ ಗುರಿ ನಿಗದಿಯಾಗಿದ್ದ ವಿಮೆಯನ್ನು ಮೊದಲು ಹೇಳಿದೆ. ಅದು ಕೆಟ್ಟ ಯೋಜನೆಯೇನಲ್ಲ. ಆದರೆ ಅವರು ಕೇಳಿದ್ದಕ್ಕೆ ಸರಿಯಾದ ಉತ್ತರ ನಾಲ್ಕನೆಯದಾಗಿತ್ತು. ಅಲ್ಲಿಯವರೆಗೆ ನಾನು ಇಳಿಯಲಿಲ್ಲ, ಅವರೂ ಕೇಳಲಿಲ್ಲ. ಓದುಗ ಮಹಾಶಯರೇ, ಯಂತ್ರ ಸಣ್ಣಗಾದರೂ ಒಂದು ಪದ ಬರೆದುಕೊಂಡಿತ್ತು. ನನ್ನ ಹಣೆಯ ಮೇಲೆ ಅಷ್ಟೂ ಇರಲಿಲ್ಲ.

ಪಲ್ಲವಿ ಬೆರಳಾಡಿಸುತ್ತ ಕೆಳಗಿಳಿದಳು. ನಾಲ್ಕನೆಯವನೂ ಜಾಹೀರಾತೇ. ಅದರ ಕೆಳಗೆ, ಇನ್ನೂ ಕೆಳಗೆ, ನಾವು ಬಂದ ದಾರಿಯ ನಡುವಿನ ಊರು ಯೇವಲಾದ ಟೆಂಪೊವಾಲಾ ಒಬ್ಬರ ಹೆಸರಿತ್ತು: ದತ್ತು ಭಾವೂ. ಜಾಲತಾಣವಿಲ್ಲ, ಘೋಷಣೆಯಿಲ್ಲ, ಒಂದು ಮಸುಕು ಚಿತ್ರ, ಗ್ರಾಹಕರ ಎರಡೇ ಅಭಿಪ್ರಾಯ. ಒಂದರಲ್ಲಿ ‘ಮಾತು ವಿಪರೀತ. ಸಾಮಾನು ಮಾತ್ರ ಹೇಳಿದ ದಿನ ಬಂತು’ ಎಂದಿತ್ತು. ಇನ್ನೊಬ್ಬರು, ಟೆಂಪೊವಾಲಾ ಮೂರು ಸಲ ಚಹಾ ಕುಡಿದರೆಂದು, ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದರು. ದುಡ್ಡು ಕೊಟ್ಟು ಬರೆಸಿಕೊಂಡವರು ಇಂಥದನ್ನು ಬರೆಸಿಕೊಳ್ಳುವುದಿಲ್ಲ ಎಂಬ ಮಟ್ಟಿಗೆ ನನ್ನ ಬುದ್ಧಿ ಆಗಲೇ ಚುರುಕಾಗಿತ್ತು. ಫೋನು ಮಾಡಿ ನನ್ನ ಗೋಳು ಹೇಳಿಕೊಂಡೆ.

ಆ ಕಡೆಯಿಂದ ದೊಡ್ಡ ನಗು. “ಸಾಹೇಬ, ತೋ ಪಾಳಣಾ ತುಮಚಾ ಕಾ? ತೋ ಇಥೇಚ ಆಹೇ ಯೇವಲ್ಯಾತ!”

ಆ ತೊಟ್ಟಿಲು ನಿಮ್ಮದೇನು? ಅದು ಇಲ್ಲೇ ಯೇವಲಾದಲ್ಲಿದೆ ಎಂದು ಅದರ ಅರ್ಥ. ಕ್ರಮೇಣ ಸಂಗತಿ ಬಿಚ್ಚಿಕೊಂಡಿತು. ಮೇಲಿನ ಮೂವರ ಬಳಿ ಒಂದು ಮನೆ, ಒಂದು ಕುಕ್ಕರ್ ಮತ್ತು ಮೂರು ಫೋನು ಬಿಟ್ಟರೆ ಒಂದು ಕೈಗಾಡಿಯೂ ಇರಲಿಲ್ಲ. ಬಾಡಿಗೆಯ ಗಾಡಿಯಲ್ಲಿ ಯೇವಲಾದ ಗೋಡೌನಿನವರೆಗೆ ತಂದು ಇಳಿಸಿ, ಮುಂದಕ್ಕೆ ಒಯ್ಯಲು ಇದೇ ದತ್ತು ಭಾವೂಗೆ ಹೇಳುವುದು ಅವರ ರೂಢಿ. ಹಿಂದಿನ ಬಾಡಿಗೆ ಕೊಡದ್ದರಿಂದ ಈ ಸಲ ದತ್ತು ಭಾವೂ ಒಪ್ಪಿರಲಿಲ್ಲ. ಅಂದರೆ ನನ್ನ ಸಾಮಾನನ್ನು ತರುವವರು ಮೊದಲಿನಿಂದಲೂ ಅವರೇ ಆಗಿದ್ದರು; ನಾನು ಅಷ್ಟು ಕೆಳಗೆ ಇಳಿದಿರಲಿಲ್ಲ.

ನಾಳೆಯೇ ಮಗುವಿನ ಕಾರ್ಯವೆಂದ ಕೂಡಲೇ ದತ್ತು ಭಾವೂ ಹಳೆಯ ಬಾಕಿಯನ್ನು ಬದಿಗಿಟ್ಟು ಸಾಮಾನು ಏರಿಸಲು ಹೊರಟರು. ಹನ್ನೆರಡನೆಯ ದಿನ ಬೆಳಿಗ್ಗೆ, ಬೀಗರು ಬಂದು ಚಾಪೆಯ ಮೇಲೆ ಸಂಕೋಚದಿಂದ ಕುಳಿತಿದ್ದಾಗ, ಟೆಂಪೊ ಬಾಗಿಲಿಗೆ ಬಂತು. ಅದಕ್ಕಿಂತ ಮೊದಲು ದತ್ತು ಭಾವೂ ಅವರ ಮಾತು ಬಂತು. ಎಲ್ಲಕ್ಕೂ ಮೊದಲು ತೊಟ್ಟಿಲನ್ನೇ ಇಳಿಸಿ, ಕಾಲು ಜೋಡಿಸಿ, ಅಲುಗಾಡಿಸಿ ಪರೀಕ್ಷಿಸಿ, ತೆಗೆದುಕೋ ತಾಯಿ ಎಂದು ಗಿರಿಜಾಳಿಗೆ ಒಪ್ಪಿಸಿದರು. ಗಿರಿಜಾ ಅದನ್ನು ಒದ್ದೆಬಟ್ಟೆಯಿಂದ ಒರೆಸಿ ಅರಿಶಿನ ಕುಂಕುಮ ಹಚ್ಚಿದಳು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಹಾಡಿದರು, ನಾಲ್ಕನೆಯವಳು ಬಾಯಿ ತೆರೆದು ಒಂದು ಆಕಳಿಕೆ ತೆಗೆದು ಮಲಗಿಬಿಟ್ಟಳು.

ಊಟಕ್ಕೆ ಎಲೆ ಹಾಕಿದರು. ಪ್ರಾದೇಶಿಕ ವ್ಯವಸ್ಥಾಪಕರನ್ನು ನಾನೇ ಮೊದಲ ಎಲೆಗೆ ಕೂರಿಸಿದೆ. ದತ್ತು ಭಾವೂ ಎಷ್ಟು ಕರೆದರೂ ಮೇಲೆ ಬಾರದೆ, ಟೆಂಪೊ ಕಾಣುವಂತೆ ಬಾಗಿಲ ಬಳಿಯ ಕೊನೆಯ ಎಲೆಯಲ್ಲೇ ಕುಳಿತರು. ಹೋಳಿಗೆಯ ಪರಾತವನ್ನು ನನ್ನ ಕೈಗೆ ಕೊಡುತ್ತ ಗಿರಿಜಾ ಮೆಲ್ಲಗೆ ಹೇಳಿದಳು: “ಇವತ್ತರೆ ಆ ತುದಿಯಿಂದ ಬಡಸ್ಕೋತ ಬರ್ರಿ.”

ಬಂದೆ. ಬಾಗಿಲಿನಿಂದ ಶುರುಮಾಡಿ, ದತ್ತು ಭಾವೂಗೆ ಬೇಡ ಬೇಡವೆಂದರೂ ಮೂರು ಬಿಸಿ ಹೋಳಿಗೆ ಹಾಕಿ, ಅವರ ಮಾತು ಮುಗಿಯುವವರೆಗೆ ನಿಂತು ತುಪ್ಪ ಬಡಿಸಿ, ಎಲೆಯಿಂದ ಎಲೆಗೆ ನಿಧಾನವಾಗಿ ಮೇಲೇರಿದೆ. ಮೊದಲ ಎಲೆ ತಲುಪಿದಾಗ ಪರಾತದಲ್ಲಿ ಉಳಿದಿದ್ದು ಒಂದೇ ಹೋಳಿಗೆ, ಅದೂ ಅರ್ಧ ಮುರಿದದ್ದು. ಸಾಹೇಬರು ಅದನ್ನೂ ನನ್ನನ್ನೂ ಒಮ್ಮೆ ನೋಡಿದರು. ನನ್ನ ಬಡ್ತಿಯ ವಿಚಾರ ಆ ನೋಟದಲ್ಲಿ ಇತ್ಯರ್ಥವಾಯಿತೆಂದು ಕಾಣುತ್ತದೆ. ತಿರುಗಿ ನೋಡಿದರೆ, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದು ಕೈಯಿಂದ ಬಾಯಿಗೆ ಸೆರಗು ಅಡ್ಡ ಹಿಡಿದು, ಗಿರಿಜಾ ನಗುತ್ತಿದ್ದಳು. ಈ ಊರಿಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.