ಕೊಬ್ಬರಿ ಒಡೆಯುವ ತಿಮ್ಮೇಶನ ಸಂಜೆಗಳು

ತಿಮ್ಮೇಶ ಕುಡಿಯುತ್ತಿದ್ದ ಇಪ್ಪತ್ತನಾಲ್ಕು ವರ್ಷ ಕಂದಿಕೆರೆಯಲ್ಲಿ ಅವನನ್ನು ಬೈದವರು ಕಡಿಮೆ. ಅವನು ಕುಡಿಯುವುದನ್ನು ಬಿಟ್ಟ ಮೇಲೆ ಊರು ಬೈಯಲು ಶುರುಮಾಡಿತು.

ಹದಿನೇಳನೆಯ ವಯಸ್ಸಿಗೆ ಅವನು ಅಂಜನಪ್ಪ ಮೇಸ್ತ್ರಿಯ ಗುಂಪು ಸೇರಿದ್ದ. ಎಂಟು ಜನರ ಗುಂಪು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕೆಳಗಿಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ಹೊರತೆಗೆಯುವುದು ಅವರ ಕೆಲಸ. ಸಿಪ್ಪೆ ಸುಲಿಯುವುದಕ್ಕೆ ತೋಳಿನ ಬಲ ಸಾಕು. ಚಿಪ್ಪು ಒಡೆಯುವುದಕ್ಕೆ ಮಣಿಕಟ್ಟು ಹೇಳಿದ ಮಾತು ಕೇಳಬೇಕು. ಮಚ್ಚಿನ ಏಟು ಚಿಪ್ಪಿಗೆ ಬೀಳಬೇಕು, ಕೊಬ್ಬರಿಗೆ ತಾಗಬಾರದು. ಕೂದಲೆಳೆಯಷ್ಟು ಗಾಯವಾದರೂ ಉಂಡೆ ಹದಿನೈದು ದಿನದಲ್ಲಿ ಅಲ್ಲಿಂದಲೇ ಕಪ್ಪಗಾಗುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಅಂಥ ನಾಲ್ಕು ಉಂಡೆ ಕಂಡರೆ ಇಡೀ ಚೀಲದ ಹೆಸರು ಕೆಡುತ್ತದೆ. ಏಟಿನ ಸದ್ದು ಕೇಳಿಯೇ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲವರು ಆ ಕಡೆ ಕೆಲವರಷ್ಟೇ. ತಿಮ್ಮೇಶ ಅವರಲ್ಲಿ ಒಬ್ಬ.

ಸಂಜೆ ಐದಕ್ಕೆ ಕೆಲಸ ಮುಗಿದರೆ ಗುಂಪು ಸಿಪ್ಪೆರಾಶಿಯ ಮರೆಯಲ್ಲಿ ಸುತ್ತಲೂ ಕೂರುತ್ತಿತ್ತು. ಕೂಲಿಯ ಜೊತೆಗೆ ಕುಡಿಯಲು ಎಣ್ಣೆಯನ್ನೂ ಕೊಡಿಸುವುದು ಕೊಬ್ಬರಿ ಯಜಮಾನರ ಕಡೆಯಿಂದ ನಡೆದುಬಂದ ಪದ್ಧತಿ. ಒಬ್ಬನಿಗೂ ಹೆಚ್ಚಿಲ್ಲ, ಒಬ್ಬನಿಗೂ ಕಡಿಮೆಯಿಲ್ಲ. ಜಗಳವಾಡಿದವರು ಅಲ್ಲೇ ರಾಜಿಯಾಗಬೇಕು. ಸತ್ತವರಿಗೆ ಅಲ್ಲೇ ಅಳಬೇಕು. ಆಮೇಲೆ ಅಷ್ಟು ಸಾಲದೆ ತಿಮ್ಮೇಶ ತನ್ನ ಕೂಲಿಯನ್ನೂ ಎಣ್ಣೆ ಅಂಗಡಿಗೆ ಹಾಕುತ್ತಿದ್ದ. ಕೊನೆಯ ಎರಡು ವರ್ಷ ಬೆಳಿಗ್ಗೆಯೂ ಒಂದು ಪ್ಯಾಕೆಟ್ಟು ಹೊಟ್ಟೆಗೆ ಬೀಳದೆ ಅವನ ಕೈ ಮಚ್ಚು ಹಿಡಿಯುತ್ತಿರಲಿಲ್ಲ. ಉಂಡೆಗಳಿಗೆ ಗಾಯವಾಗುತ್ತಿತ್ತು. ಗುಂಪಿನವರು ಮಾತಾಡದೆ ಅವುಗಳನ್ನು ಚೀಲದ ನಡುವೆ ತುರುಕಿ ಮುಚ್ಚುತ್ತಿದ್ದರು. ಮೇಲೆ ನೋಡಿದರೂ ಕೆಳಗೆ ನೋಡಿದರೂ ಒಳ್ಳೆಯ ಉಂಡೆಯೇ ಕಾಣಬೇಕು.

ಒಂದು ದಿನ ಮಚ್ಚು ಜಾರಿ ಅವನ ಎಡಗೈ ಹೆಬ್ಬೆರಳಿನ ತುದಿಯನ್ನು ಕತ್ತರಿಸಿತು. ನೋವು ಗೊತ್ತಾಗಲಿಲ್ಲ. ಉಂಡೆಯ ಮೇಲೆ ಕೆಂಪು ಹರಿದಾಗ ಇದು ಯಾರದು ಎಂದು ಅತ್ತಿತ್ತ ನೋಡಿದ. ಅಂಜನಪ್ಪ ಟವೆಲು ಹರಿದು ಬೆರಳಿಗೆ ಕಟ್ಟಿದ. ಆ ಉಂಡೆಯೂ ಚೀಲದ ನಡುವಿಗೆ ಹೋಯಿತು.

ಹೆಂಡತಿ ಪವಿತ್ರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅವನನ್ನು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬೆರಳಿಗೆ ಹೊಲಿಗೆ ಹಾಕಿದ ಡಾಕ್ಟರು ಕುಡಿತ ಬಿಡಿಸಲು ಮಾತ್ರೆಯನ್ನೂ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಈ ಮಾತ್ರೆ ನುಂಗ್ತೀಯೋ, ಬಿಡ್ತೀಯೋ ನಿಂಗೆ ಬುಟ್ಟಿದ್ದು. ಇನ್ನೊಂದ್ಸಲ ನಾನು ಈ ಬಸ್ ಹತ್ತಲ್ಲ."

ಹತ್ತು ದಿನ ಅವನು ಬೆವರಿದ, ನಡುಗಿದ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸಿದ. ಹನ್ನೊಂದನೆಯ ದಿನ ತಲೆ ತಿಳಿಯಾಯಿತು. ಆಗ ಕಂಡದ್ದು ಸಂಜೆ. ಐದರಿಂದ ಏಳರವರೆಗೆ ಅದು ಇಷ್ಟು ಉದ್ದ ಇರುತ್ತದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಮನೆಯಲ್ಲಿದ್ದರೆ ಕಾಲು ಅಂಗಡಿಯ ಕಡೆ ಎಳೆಯುತ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಹೋಗಿ ಕುಳಿತ. ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ನಡೆದಿತ್ತು. ಆ ಕಡೆ ಐದು, ಈ ಕಡೆ ಐದು, ನಡುವೆ ನೆಟ್ಟು, ಹಳದಿ ಉಲ್ಲನ್ನಿನ ಚೆಂಡು. ಹೀಗೆ ನಾಲ್ಕು ಸಂಜೆ ನೋಡಿದ. ಐದನೆಯ ಸಂಜೆ ಅವರಿಗೆ ಒಬ್ಬ ಕಡಿಮೆ ಬಿದ್ದ.

ಆಟ ನಡೆಸುತ್ತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು ತೋಂಟದಾರ್ಯ. ಸುತ್ತ ನೋಡಿ ಕೈ ಬೀಸಿದರು. "ಏ ತಿಮ್ಮೇಶ, ಬಾ ಇಲ್ಲಿ."

"ಬೆರಳು ಹೋಗೈತೆ, ಮೇಷ್ಟ್ರೇ."

"ಹೋಗಿರೋದು ಎಡಗೈದು. ಬ್ಯಾಟ್ ಹಿಡಿಯೋದು ಬಲಗೈಲಿ. ಒಂದು ಮಾತು, ಬಾಯಿ ವಾಸನೆ ಬಂದ ದಿನ ವಾಪಸ್ ಕಳಿಸ್ತೀನಿ."

"ಯಾರನ್ನ ಕರೀತಿದ್ದೀರಿ ಮೇಷ್ಟ್ರೇ," ಎಂದರು ಬಸವಕುಮಾರ್. ಊರಿನ ಕೊಬ್ಬರಿ ಸಾಹುಕಾರರು. ಅಂಜನಪ್ಪನ ಗುಂಪು ದುಡಿಯುತ್ತಿದ್ದುದು ಹೆಚ್ಚಾಗಿ ಅವರ ಗೋಡೌನಿನಲ್ಲೇ. ಆಟದ ಚೆಂಡುಗಳನ್ನು ತರಿಸುತ್ತಿದ್ದವರೂ ಅವರೇ. "ನಾಳೆ ಮಚ್ಚು ತಂದು ನೆಟ್ಟು ಕುಯ್ತಾನೆ."

ಅಂದು ತಿಮ್ಮೇಶ ಹೊಡೆದ ಒಂದು ಚೆಂಡೂ ಗೆರೆಯೊಳಗೆ ಬೀಳಲಿಲ್ಲ. ಸಿಪ್ಪೆ ಸುಲಿದ ತೋಳು ಎಲ್ಲವನ್ನೂ ಶಾಲೆಯ ಹೆಂಚಿನ ಮೇಲೆ ಕಳಿಸುತ್ತಿತ್ತು. ವಾರ ಕಳೆದ ಮೇಲೆ, ಜೊತೆಗೆ ಆಡುತ್ತಿದ್ದ ಕರೆಂಟ್ ಲೈನ್‌ಮನ್ ವಸಂತ ಹತ್ತಿರ ಬಂದು ನಿಂತ. "ನೀನು ಕಾಯಿ ಸುಲೀತಿದ್ದೀಯ ಕಣ್ಲಾ. ಚಿಪ್ಪು ಒಡಿ." ಆ ಮಾತು ತಲೆಗಲ್ಲ, ನೇರ ಮಣಿಕಟ್ಟಿಗೆ ಹೋಯಿತು. ಮಾರನೆಯ ದಿನದಿಂದ ಚೆಂಡು ನೆಟ್ಟಿನ ಅಂಚು ದಾಟಿ ಅಲ್ಲೇ ಮೆತ್ತಗೆ ಬೀಳತೊಡಗಿತು. ಎದುರಿನವರು ಓಡಿಬರುವಷ್ಟರಲ್ಲಿ ಸತ್ತಿರುತ್ತಿತ್ತು.

ಅವನಿಗಿದ್ದ ಒಂದೇ ತೊಂದರೆ ಹೆಸರು ಕೂಗುವುದು. ಉಳಿದವರು ಬಸವಕುಮಾರರಿಗೂ "ಕುಮಾರಾ" ಎಂದು ಕೂಗಿ ಚೆಂಡು ಬಿಡುತ್ತಿದ್ದರು. ತಿಮ್ಮೇಶ "ಸಾವ್ಕಾರ್ರೇ, ನಿಮ್ದು" ಎನ್ನುವಷ್ಟರಲ್ಲಿ ಅದು ನೆಲ ಮುಟ್ಟಿರುತ್ತಿತ್ತು. ವಸಂತ ಹೊಟ್ಟೆ ಹಿಡಿದು ನಗುತ್ತಿದ್ದ. ಬಸವಕುಮಾರ್ ನಗುತ್ತಿರಲಿಲ್ಲ.

ಬೆರಳು ವಾಸಿಯಾಗಿ ಕೆಲಸಕ್ಕೆ ಹೋದ. ಐದಕ್ಕೆ ಮಚ್ಚು ಒರೆಸಿಟ್ಟು ಎದ್ದ. ಗುಂಪು ಸುತ್ತಲೂ ಕೂತಾಗಿತ್ತು.

"ಎಲ್ಲಿಗ್ಲಾ?" ಎಂದ ಅಂಜನಪ್ಪ.

"ಆಡಕ್ಕೆ, ಅಂಜನಪ್ಪಣ್ಣ."

ಸಿಪ್ಪೆರಾಶಿಯ ಹಿಂದೆ ನಗು ಒಡೆಯಿತು. "ನಲವತ್ತೊಂದು ವರ್ಷಕ್ಕೆ ಚೆಂಡಾಟ ಕಣ್ರಲಾ. ಮುಂದಿನ ವರ್ಷ ತೊಟ್ಲು ಕಟ್ಟಿಸ್ಬೇಕು." ಎರಡನೆಯ ದಿನ ನಗು ಕಡಿಮೆಯಾಯಿತು. ಒಂದು ತಿಂಗಳಿಗೆ ನಿಂತೇಹೋಯಿತು. ಅವನ ಪಾಲಿನ ಲೋಟವನ್ನು ಯಾರೂ ಮುಟ್ಟದೆ ನಡುವೆ ಇಟ್ಟು, ಅವನು ಹೋದ ಮೇಲೆ ನೆಲಕ್ಕೆ ಸುರಿಯುತ್ತಿದ್ದರು, ತಿಥಿಯಲ್ಲಿ ಎಡೆಯಿಟ್ಟ ಹಾಗೆ. ಕೆಲಸದಲ್ಲಿ ಅವನ ಪಕ್ಕ ಕೂರುವವರು ಇಲ್ಲವಾದರು. "ಸಾವ್ಕಾರನ ಜೊತೆ ಆಡೋನು. ಬಾಯಿ ಬಿಡ್ಬೇಡ ಅವನ ಮುಂದೆ" ಎಂಬ ಮಾತು ಅವನಿಗೆ ಕೇಳಿಸುವಷ್ಟೇ ಜೋರಾಗಿ ಬರುತ್ತಿತ್ತು.

ಮನೆಯಲ್ಲೂ ಸಿಹಿ ಮಾತು ಇರಲಿಲ್ಲ. "ಕುಡ್ದು ಬೀಳ್ತಿದ್ದೆ, ಈಗ ಆಡಿ ಬೀಳ್ತೀಯ," ಎನ್ನುತ್ತಿದ್ದಳು ಪವಿತ್ರ. "ನೀನು ನೆಟ್ಟಗೆ ನಿಂತಿದ್ದು ಯಾವಾಗ ನೋಡೋದು ನಾನು?" ಆದರೂ ಅವನ ಬೆವರಿನ ಅಂಗಿಯನ್ನು ಒಗೆಯುವ ಮುಂಚೆ ಮೂಸುತ್ತಿದ್ದಳು. ದಿನವೂ ಮೂಸಿದಳು, ಏಳು ತಿಂಗಳು.

ಆ ಏಳು ತಿಂಗಳಲ್ಲಿ ಆಟ ತಪ್ಪಿದ್ದು ಮೂರು ಸಂಜೆ, ಮಳೆಯಿಂದ. ಮೂರು ಸಂಜೆಯೂ ತಿಮ್ಮೇಶ ಅಂಗಡಿಯ ಬಾಗಿಲವರೆಗೆ ಹೋಗಿ, ಅಲ್ಲಿಂದಲೇ ವಸಂತನಿಗೆ ಫೋನು ಮಾಡಿದ. ವಸಂತ ಬೈಕಿನಲ್ಲಿ ಬಂದು, ಏನೂ ಕೇಳದೆ, ಬೋರನಕಣಿವೆಯವರೆಗೆ ಸುತ್ತಾಡಿಸಿ ಮನೆಗೆ ಬಿಟ್ಟ. ಮೈದಾನ ಒಂದು ಕೈತಪ್ಪಿದರೆ ತಾನು ಎಲ್ಲಿರುತ್ತೇನೆ ಎಂಬುದು ತಿಮ್ಮೇಶನಿಗೆ ಚೆನ್ನಾಗಿ ಗೊತ್ತಿತ್ತು.

ಆಷಾಢದಲ್ಲಿ ತಿಪಟೂರಿನಿಂದ ಬಸವಕುಮಾರರ ಆರು ಚೀಲ ಹಿಂದಕ್ಕೆ ಬಂತು. ಅಂದು ಸಂಜೆ ಅವರು ಆಟದ ಬಟ್ಟೆ ಹಾಕದೆ ಬಂದರು. ಕೈಯಲ್ಲಿ ಒಂದು ಕಪ್ಪಾದ ಉಂಡೆ.

"ಇದು ಯಾರ ಏಟು, ತಿಮ್ಮೇಶ?"

ನೋಡಿದ ಕೂಡಲೇ ತಿಳಿಯಿತು. ಪ್ರತಿ ಕೈಗೂ ಅದರದೇ ಏಟು. ಉಂಡೆಯ ಕಣ್ಣಿನ ಪಕ್ಕದಿಂದ ಓರೆಯಾಗಿ ಇಳಿದ ಗಾಯ ಅಂಜನಪ್ಪನದು. ಶಿವರಾತ್ರಿಯ ಆಚೆಗೆ ಮೇಸ್ತ್ರಿಯ ಕೈ ನಡುಗುವುದನ್ನು ಅವನು ನೋಡುತ್ತಲೇ ಇದ್ದ. ಗುಂಪು ಆ ಉಂಡೆಗಳನ್ನು ಚೀಲದ ನಡುವೆ ತುರುಕುವುದನ್ನೂ ನೋಡಿದ್ದ. ಒಮ್ಮೊಮ್ಮೆ ತಾನೇ ತುರುಕಿದ್ದ.

"ಗೊತ್ತಿಲ್ಲ, ಸಾವ್ಕಾರ್ರೇ."

"ಗೊತ್ತಿಲ್ಲ ಅನ್ಬೇಡ. ಇಂಥದ್ದು ಗೊತ್ತಾಗ್ಲಿ ಅಂತಲೇ ನಿನ್ನ ಇಲ್ಲಿ ಸೇರಿಸ್ಕೊಂಡು ಸುಮ್ಮನಿದ್ದದ್ದು."

"ನಾನು ಆಟಕ್ಕೆ ಅಂದ್ಕೊಂಡಿದ್ದೆ."

"ನೀನೇನು ಸ್ಟೇಟ್ ಪ್ಲೇಯರ್ರಾ?"

"ಗೋಡೌನಲ್ಲಿ ಎಲ್ಲಾರ ಮುಂದೆ ಕೇಳಿ. ಇಲ್ಲಿ ಹೇಳಲ್ಲ." ದನಿ ಏರಿರಲಿಲ್ಲ.

ಬಸವಕುಮಾರ್ ಅವನ ಕೈಯಿಂದ ಬ್ಯಾಟು ತೆಗೆದುಕೊಂಡರು. ಅದು ಅವರದೇ ಹಳೆಯ ಬ್ಯಾಟು. "ನಾಳೆಯಿಂದ ಬರ್ಬೇಡ." ಮೇಷ್ಟ್ರು ಬಗ್ಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದರು. ಕಟ್ಟಿದ್ದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು. ತಿಮ್ಮೇಶ ಬರಿಗೈಯಲ್ಲಿ ಮನೆಗೆ ನಡೆದ.

ಮಾರನೆಯ ಬೆಳಿಗ್ಗೆ ಬಸವಕುಮಾರ್ ಅಂಜನಪ್ಪನ ಗುಂಪನ್ನೇ ಗೋಡೌನಿನಿಂದ ಹೊರಗೆ ಕಳಿಸಿ, ತುರುವೇಕೆರೆ ಕಡೆಯಿಂದ ಬೇರೆ ಗುಂಪನ್ನು ಕರೆಸಿದರು. ಹೇಳಿದವರು ಯಾರು ಎಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಸಂಜೆಗೆ ಎಲ್ಲರೂ ತಿಮ್ಮೇಶನ ಮನೆಯ ಬಾಗಿಲಲ್ಲಿ ನಿಂತಿದ್ದರು. ಅಂಜನಪ್ಪನ ಕೈಯಲ್ಲಿ ಬಾಟಲಿ, ಒಂದು ಸ್ಟೀಲ್ ಲೋಟ.

"ಎರಡು ವರ್ಷ ನಿನ್ನ ಹೊಲಸು ಮುಚ್ಚಿದ್ವಿ," ಎಂದ ಅಂಜನಪ್ಪ. "ನನ್ನದು ನಾಲ್ಕು ತಿಂಗ್ಳು ಮುಚ್ಚಕ್ಕಾಗ್ಲಿಲ್ವಾ ನಿಂಗೆ?"

"ನಾನು ಹೇಳಿಲ್ಲ ಅಂಜನಪ್ಪಣ್ಣ. ನನ್ನೂ ಓಡಿಸವ್ರೆ."

"ಸುಳ್ಳು." ಲೋಟಕ್ಕೆ ಸುರಿದ. ಕೈ ನಡುಗಿ ಅರ್ಧ ಹೊಸ್ತಿಲ ಮೇಲೆ ಬಿತ್ತು. "ಹೇಳಿಲ್ಲ ಅಂದ್ರೆ ನಮ್ಮ ಜೊತೆ ಕೂತು ಇದನ್ನ ಕುಡಿ. ಕುಡ್ದು ಹೇಳು. ನಂಬ್ತೀವಿ. ನಾಳೆಯಿಂದ ಬೇರೆ ಕಡೆ ಕೆಲ್ಸಕ್ಕೆ ನೀನೂ ಬಾ."

ಗುಂಪಿನಲ್ಲಿ ಆಣೆ ಎಂದರೆ ಅದೇ. ಸುತ್ತಲೂ ಕೂತು ಲೋಟ ಮುಟ್ಟಿ ಹೇಳಿದ್ದು ನಿಜ, ಉಳಿದದ್ದೆಲ್ಲ ಗಾಳಿ. ಹೊಸ್ತಿಲಿನಿಂದ ವಾಸನೆ ಎದ್ದಿತು. ತಿಮ್ಮೇಶನ ಬಾಯಲ್ಲಿ ನೀರೂರಿತು. ಒಂದು ಲೋಟ. ಅಷ್ಟಕ್ಕೆ ಅನ್ನವೂ ಜನವೂ ಹಿಂದಕ್ಕೆ ಬರುತ್ತವೆ. ಕೈ ಮುಂದೆ ಹೋಯಿತು, ಲೋಟ ಹಿಡಿಯಿತು. ಬಾಗಿಲ ಒಳಗೆ ನಿಂತ ಪವಿತ್ರ ಬೇಡ ಎನ್ನಲಿಲ್ಲ. ಏನು ಮಾಡುತ್ತಾನೆ ಎಂದು ಬರಿದೇ ನೋಡುತ್ತಿದ್ದಳು.

ಲೋಟವನ್ನು ಅವನು ಅಂಜನಪ್ಪನ ಕೈಗೆ ವಾಪಸು ಇಟ್ಟ. ತುಳುಕದ ಹಾಗೆ ಇಟ್ಟ.

"ಹೇಳಿಲ್ಲ. ಕುಡಿಯೋದೂ ಇಲ್ಲ."

"ಹಂಗಾದ್ರೆ ನೀನೇ ಹೇಳಿದ್ದು," ಎಂದ ಅಂಜನಪ್ಪ. "ನೀನು ಸತ್ರೆ ಹೆಗಲು ಕೊಡಕ್ಕೆ ಅವ್ರನ್ನೇ ಕರಿ." ಗುಂಪು ಹೊರಟಿತು. ಒಬ್ಬ ತಿರುಗಿ ನೋಡಿ ಉಗುಳಿದ.

ಶಾಲೆಯ ಕಡೆಯಿಂದ ಚೆಂಡಿನ ಸದ್ದು ಕೇಳುತ್ತಿತ್ತು. ತಿಮ್ಮೇಶ ಚಪ್ಪಲಿ ಮೆಟ್ಟಿದ.

"ಅಲ್ಲೂ ಸೇರಿಸಲ್ಲ, ಇಲ್ಲೂ ಸೇರಿಸಲ್ಲ," ಎಂದಳು ಪವಿತ್ರ. "ಎಲ್ಲಿಗೆ ಹೊಂಟೆ?"

"ಆಡಕ್ಕೆ."

ಮೈದಾನದಲ್ಲಿ ಈ ಕಡೆ ನಾಲ್ವರು, ಆ ಕಡೆ ಐವರು. ತಿಮ್ಮೇಶ ಚಪ್ಪಲಿ ಬಿಟ್ಟು ನಾಲ್ವರ ಹಿಂದೆ, ದಿನವೂ ನಿಲ್ಲುತ್ತಿದ್ದ ಬಲಗಡೆಯ ಮೂಲೆಯಲ್ಲಿ ಹೋಗಿ ನಿಂತ.

"ಹೇಳಿದ್ದು ಕೇಳಿಸಲಿಲ್ವಾ?" ಎಂದರು ಬಸವಕುಮಾರ್ ನೆಟ್ಟಿನ ಆಚೆಯಿಂದ.

"ಕೇಳಿಸ್ತು. ಚೆಂಡು ನಿಮ್ಮದು. ನೆಲ ಸ್ಕೂಲಿಂದು."

ಬಸವಕುಮಾರ್ ಚೆಂಡನ್ನು ಎತ್ತಿ ಬೀಸಿ ಹೊಡೆದರು. ಅದು ತಿಮ್ಮೇಶನ ಎದೆಗೆ ಬಡಿದು ಕೆಳಗೆ ಬಿತ್ತು. ಅವನು ಬಗ್ಗಿ ತೆಗೆದು ನೆಟ್ಟಿನ ಕೆಳಗಿಂದ ಉರುಳಿಸಿದ. ಎರಡನೆಯದು ಭುಜಕ್ಕೆ ಬಿತ್ತು. ಅದನ್ನೂ ಉರುಳಿಸಿದ. ಮೂರನೆಯದು ಕೆನ್ನೆಗೆ ತಾಗಿತು. ಉಲ್ಲನ್ನೇ ಆದರೂ ಕಣ್ಣಲ್ಲಿ ನೀರು ಬಂತು. ಅವನು ಒರೆಸಿಕೊಳ್ಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಉಳಿದ ಎಂಟು ಜನ ತಮ್ಮ ತಮ್ಮ ಬ್ಯಾಟು ನೋಡಿಕೊಳ್ಳುತ್ತ ನಿಂತಿದ್ದರು.

"ಮೇಷ್ಟ್ರೇ," ಎಂದ ವಸಂತ, "ಇದಕ್ಕೆ ಪಾಯಿಂಟ್ ಯಾರಿಗೆ?"

ತೋಂಟದಾರ್ಯ ಮೇಷ್ಟ್ರು ನೆಟ್ಟಿನ ಹತ್ತಿರ ಬಂದರು. "ನಿನ್ನೆ ನಾನು ಮಾತಾಡ್ಬೇಕಿತ್ತು, ಆಡ್ಲಿಲ್ಲ," ಎಂದರು. ಆಮೇಲೆ ದನಿ ಗಡುಸಾಯಿತು. "ಬಾಯಿ ಊದು, ತಿಮ್ಮೇಶ." ಅವನು ಊದಿದ. "ವಾಸನೆ ಇಲ್ಲ. ಅವನು ಆಡ್ತಾನೆ. ಆಗದವರು ಗೋಡೆ ಮೇಲೆ ಕೂತ್ಕೋಬಹುದು."

ಗೋಡೆಯ ಮೇಲೆ ಹೋಗಿ ಕೂರುವುದಕ್ಕೆ ಬಸವಕುಮಾರರಿಗೆ ಆಗಲಿಲ್ಲ. ವಸಂತ ತನ್ನ ಬ್ಯಾಟನ್ನು ತಿಮ್ಮೇಶನ ಕೈಗೆ ತುರುಕಿದ. "ಭುಜ ನೋಯ್ತದೆ ಕಣ್ಲಾ, ನೀನಾಡು," ಎಂದು ತಾನೇ ಗೋಡೆ ಹತ್ತಿದ.

ಕತ್ತಲಾಗುವವರೆಗೆ ಆಟ ನಡೆಯಿತು. ಬಸವಕುಮಾರ್ ಪ್ರತಿ ಚೆಂಡನ್ನೂ ತಿಮ್ಮೇಶನ ಮೈಗೇ ಹೊಡೆದರು. ಅವನು ಸಿಕ್ಕಿದ್ದನ್ನೆಲ್ಲ ನೆಟ್ಟಿನ ಅಂಚಿನಲ್ಲಿ, ಅವರ ಕಾಲಿನ ಬುಡಕ್ಕೆ ಬಿಟ್ಟ. ಕೊನೆಗೆ ತಿಮ್ಮೇಶನ ಕಡೆ ಸೋತಿತು. ಬಸವಕುಮಾರ್ ಚೆಂಡಿನ ಡಬ್ಬಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಕಾರು ಹತ್ತಿದರು.

ವಸಂತ ಗೋಡೆಯಿಂದ ಇಳಿದು ಬಂದ. "ಕೆಲ್ಸ?"

"ಹೋಯ್ತು. ಗುಂಪೂ ಹೋಯ್ತು. ನಾಳೆ ತುರುವೇಕೆರೆ ಕಡೆ ಒಬ್ನೇ ಹೋಗಿ ಕೇಳ್ತೀನಿ."

"ಸಂಜೆಗೆ ಬತ್ತೀಯಲ್ಲ?"

"ಬತ್ತೀನಿ."

"ಬ್ಯಾಟ್ ಇಲ್ವಲ್ಲ ನಿಂಗೆ."

"ನಿಂದಿದೆ."

"ಮತ್ತೆ ನಾನೇನ್ ಮಾಡ್ಲಿ?"

ತಿಮ್ಮೇಶ ಬ್ಯಾಟಿನ ದಾರಗಳ ನಡುವೆ ಸಿಕ್ಕಿದ್ದ ಹಳದಿ ಎಳೆಯನ್ನು ಉಗುರಿನಿಂದ ಬಿಡಿಸುತ್ತಿದ್ದ. "ಭುಜ ನೋಯ್ತದೆ ಅಂದ್ಯಲ್ಲ," ಎಂದ. "ಆಸ್ಪತ್ರೆಗೆ ಹೋಗು."