ಹಣೆಯ ಹಚ್ಚೆ ಮೂಗಿಗೆ

ನಸುಕಿನಲ್ಲಿ ನೀರು ತುಂಬಿದೆ, ರೊಟ್ಟಿ ಬಡಿದೆ, ಯಜಮಾನರನ್ನು ಮಗ್ಗಕ್ಕೆ ಕಳಿಸಿದೆ, ಎಂಬತ್ತರ ಅತ್ತೆಯನ್ನು ರಬಕವಿಯಲ್ಲಿ ಜಮಖಂಡಿ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಅವರ ಮೂಗಿನ ಕ್ಯಾನ್ಸರ್ ಹುಣ್ಣು ತೆಗೆದು, ಹಣೆಯ ಚರ್ಮವನ್ನು ಅಲ್ಲಿಗೆ ಹೊಲಿಯುವವರಿದ್ದರು. ಮುಖವಷ್ಟೇ ಜೋಮು ಹಿಡಿಯುವ ಇಂಜೆಕ್ಷನ್, ಎಚ್ಚರ ಇರುತ್ತದೆ.

ಡಾಕ್ಟರು ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವಾಗ ಅತ್ತೆ ಅವರ ಕೈ ಹಿಡಿದರು.

“ಅಲ್ಲಿ ನಮ್ಮವ್ವ ಹಾಕಿಸಿದ ಹಚ್ಚಿ ಐತ್ರಿ. ತಗದು ಒಗೀತೀರೇನು?”

“ಇಲ್ಲಬೇ ಯಮ್ಮಾ, ಅದೂ ಮೂಗಿನ ಮ್ಯಾಲೆ ಬರ್ತೈತಿ.”

ಅತ್ತೆ ಕೈ ಬಿಟ್ಟರು. “ಹಂಗಾರ ಛಲೋ ಆತು. ಇಷ್ಟ ದಿನ ಮಂದೀಗೆ ಕಾಣ್ತಿತ್ತು, ಇನ್ನ ನನಗೂ ಕಾಣತೈತಿ.”

ಕೊಯ್ದು ಹೊಲಿಯುವವರೆಗೂ ಅವರು ಮಿಸುಕಲಿಲ್ಲವಂತೆ. ಸಂಜೆ ಅವರು ಗಂಜಿ ಕುಡಿದರು, ನಾನು ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಎಷ್ಟೋ ದಿನಗಳಿಂದ ಹೆದರಿ ಹೆದರಿ ದಣಿದಿದ್ದೆ. ಅವರನ್ನು ಕಾಯಲು ಕೂತ ನಾನೇ ಮೊದಲು ನಿದ್ದೆ ಹೋದೆ.