ಲೇಬಲ್ ಇಲ್ಲದ ಬ್ಲಾಕು, ಅದಲುಬದಲಾದ ರಾಟೆಗಳು

2007ರಲ್ಲಿ ನಾನು ಕನಕಪುರ ತಾಲ್ಲೂಕಿನ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೆ. ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಕಂಟ್ರೋಲ್ ಬೋರ್ಡು ಮಾಡಿಕೊಡುವುದು ನಮ್ಮ ಕೆಲಸ. ಬೋರ್ಡಿನ ಚಿಪ್ ಏನು ಮಾಡಬೇಕೆಂಬುದನ್ನು ವೆರಿಲಾಗ್ ಎಂಬ ಭಾಷೆಯಲ್ಲಿ ಬರೆಯುತ್ತಿದ್ದೆವು. ಒಂದು ಕೆಲಸಕ್ಕೆ ಸಂಬಂಧಿಸಿದ ಸಾಲುಗಳನ್ನೆಲ್ಲ ಸೇರಿಸಿದರೆ ಅದೊಂದು ಬ್ಲಾಕು. ಅದಕ್ಕೊಂದು ಹೆಸರು, ಅಂದರೆ ಲೇಬಲ್, ಇಡಬಹುದು, ಇಡದೆಯೂ ಬಿಡಬಹುದು. ನಮ್ಮ ಆಫೀಸಿನಲ್ಲಿ ಯಾರೂ ಇಡುತ್ತಿರಲಿಲ್ಲ. ಕೆಲಸ ನಡೆಯುತ್ತಿದೆಯಲ್ಲ, ಸಾಕು ಎಂಬ ಧೋರಣೆ.

ಚನ್ನಪಟ್ಟಣದ ಅನ್ವರ್ ಸಾಬರ ಘಟಕದಲ್ಲಿ ನಮ್ಮದೊಂದು ಬೋರ್ಡಿತ್ತು. ಸಾಲಾಗಿ ಐದು ಬಿಸಿನೀರಿನ ತೊಟ್ಟಿ, ಐದು ರಾಟೆ, ಐವರು ಹೆಂಗಸರು. ನೂಲು ಕಿತ್ತುಹೋದಾಗ ತಮ್ಮ ಮುಂದಿರುವ ಸ್ವಿಚ್ ಒತ್ತಿದರೆ ಅವರವರ ರಾಟೆ ನಿಲ್ಲಬೇಕು. ಚೆನ್ನಾಗಿಯೇ ನಡೆದಿತ್ತು. ಯಾರು ಹೆಚ್ಚು ಸಲ ನಿಲ್ಲಿಸುತ್ತಾರೆಂದು ಕೂತಲ್ಲಿಂದಲೇ ನೋಡುವ ಆಸೆಯಾಗಿ ಸಾಬರು ಸ್ವಿಚ್ಚಿಗೊಂದು ದೀಪ ಕೇಳಿದರು. ಸಹೋದ್ಯೋಗಿ ನಾಗೇಂದ್ರ ದೀಪದ ಕೋಡು ಬರೆದು ಸೇರಿಸಿದ. ಹೊಸ ಬೋರ್ಡು ಕೂತಿತು. ತಲೆನೋವು ಅಲ್ಲಿಂದ ಶುರುವಾಯಿತು.

ದೂರು ಬಂದು ನಾನು ಹೋದಾಗ ಒಳಗೆ ರಂಪವೇ ನಡೆದಿತ್ತು. ಸಾಲಿನ ಒಂದು ತುದಿಯಲ್ಲಿ ಗೌರಮ್ಮ, ಇನ್ನೊಂದು ತುದಿಯಲ್ಲಿ ಜಯಮ್ಮ. ಇಬ್ಬರೂ ಅಕ್ಕೂರಿನವರು, ವರ್ಷಗಳ ಗೆಳತಿಯರು. ಈಗ ಮುಖ ನೋಡುತ್ತಿರಲಿಲ್ಲ.

"ಅವ್ಳ ದೀಪ ಹತ್ಕಂಡ್ರೆ ನನ್ ರಾಟೆ ನಿಂತೋಯ್ತದೆ ಸಾ. ನಾನೆಷ್ಟು ಒತ್ತಿದ್ರೂ ನನ್ದು ನಿಲ್ಲಾಕಿಲ್ಲ," ಎಂದಳು ಗೌರಮ್ಮ.

"ನನ್ಗೂ ಅಂಗೇ ಆಗ್ತೈತೆ. ಅವ್ಳು ಒತ್ತಿ ಒತ್ತಿ ನನ್ ನೂಲೆಲ್ಲ ಹಾಳು ಮಾಡವ್ಳೆ," ಎಂದು ಆ ತುದಿಯಿಂದ ಜಯಮ್ಮ ಕೂಗಿದಳು.

ಎರಡನೆಯವಳಿಗೂ ನಾಲ್ಕನೆಯವಳಿಗೂ ಇದೇ ಕಾಟ. ನಡುವಿನವಳಿಗೆ ಮಾತ್ರ ಏನೂ ತೊಂದರೆಯಿಲ್ಲ. ಸಾಬರು ಆಗಲೇ ತೀರ್ಪು ಕೊಟ್ಟಾಗಿತ್ತು: "ದೀಪ ಸರಿಯಾಗೇ ಹತ್ತುತೈತೆ, ಅಂದ್ಮೇಲೆ ಬೋರ್ಡು ಸರಿ ಐತೆ. ಹಗೆ ಸಾಧಿಸಾಕೆ ಇವ್ರೇ ವೈರು ಅದ್ಲುಬದ್ಲು ಮಾಡವ್ರೆ. ಸೋಮ್ವಾರದಿಂದ ಇಬ್ರೂ ಬ್ಯಾಡ."

ವೈರುಗಳನ್ನು ಒಂದೊಂದಾಗಿ ಮೀಟರ್ ಹಿಡಿದು ನೋಡಿದೆ. ಎಲ್ಲವೂ ಸರಿಯಾದ ಜಾಗದಲ್ಲೇ ಇದ್ದವು. ಹಳೆಯ ಬೋರ್ಡು ಹಾಕಿದರೆ ಅದೇ ವೈರಿನಲ್ಲಿ ಅವರವರ ರಾಟೆಯೇ ನಿಲ್ಲುತ್ತದೆ. ಹೊಸದು ಹಾಕಿದರೆ ದೀಪ ಸರಿ, ರಾಟೆ ತಪ್ಪು. ಒಂದೇ ಸ್ವಿಚ್ಚು ದೀಪಕ್ಕೊಂದು, ರಾಟೆಗೊಂದು ಹೇಳುವುದು ಹೇಗೆ? ನಾಗೇಂದ್ರನಿಗೆ ಫೋನ್ ಮಾಡಿದರೆ, "ಇಲ್ಲಿ ಟೆಸ್ಟ್ ಮಾಡಿಯೇ ಕಳಿಸಿದ್ದು, ಪರ್ಫೆಕ್ಟ್ ಆಗಿತ್ತು," ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ಆ ಹೆಂಗಸರ ಮೇಲೆ ನನಗೂ ಒಂದು ಗಳಿಗೆ ಅನುಮಾನ ಬಂದಿತ್ತು. ಸೋಮವಾರ ನಾನು ಬರುವವರೆಗೆ ತಡೆಯಿರಿ ಎಂದು ಸಾಬರನ್ನು ಬೇಡಿಕೊಂಡು, ಹಳೆಯ ಬೋರ್ಡನ್ನೇ ಕೂರಿಸಿ, ಹೊಸದನ್ನು ಎತ್ತಿಕೊಂಡು ಬಂದೆ.

ಹಾರೋಹಳ್ಳಿಯ ಟೆಸ್ಟಿಂಗ್ ಮೇಜಿನ ಮೇಲೆ ರಾಟೆ ನಿಲ್ಲಿಸುವ ಬ್ರೇಕು ನಮಗಿದ್ದದ್ದು ಒಂದೇ. ಸುಲಭವೆಂದು ಅದನ್ನು ಯಾವಾಗಲೂ ನಡುವಿನ ಕನೆಕ್ಟರಿಗೇ ಸಿಕ್ಕಿಸುತ್ತಿದ್ದೆವು. ನಡುವಿನವಳಿಗೆ ತೊಂದರೆಯಿಲ್ಲ ಎಂಬುದು ಆಗ ನೆನಪಾಯಿತು. ಬ್ರೇಕನ್ನು ಕೊನೆಯದಕ್ಕೆ ಸಿಕ್ಕಿಸಿ ಮೊದಲ ಸ್ವಿಚ್ ಒತ್ತಿದೆ. ಹಿಡಿಯಬಾರದಿದ್ದ ಬ್ರೇಕು ಟಕ್ಕೆಂದು ಹಿಡಿಯಿತು.

ಕೋಡು ತೆರೆದು ಕೂತಮೇಲೆ ಗೊತ್ತಾಯಿತು. ಹೆಸರಿಲ್ಲದ ಬ್ಲಾಕುಗಳಿಗೆ ಸಾಫ್ಟ್‌ವೇರ್ ತಾನೇ ಮೇಲಿನಿಂದ genblk1, genblk2 ಎಂದು ನಂಬರು ಕೊಡುತ್ತದೆ. ಸ್ವಿಚ್ ಓದುವ ಬ್ಲಾಕು ಮೊದಲನೆಯದಾಗಿತ್ತು. ರಾಟೆ ನಿಲ್ಲಿಸುವ ಸಾಲುಗಳು genblk1 ಹೇಳಿದಂತೆ ಕೇಳುತ್ತಿದ್ದವು. ನಾಗೇಂದ್ರ ಹಳೆಯ ಬ್ಲಾಕನ್ನೇ ನಕಲು ಮಾಡಿ ದೀಪದ ಬ್ಲಾಕು ಬರೆದು, ಅದರ ಮೇಲುಗಡೆ ಇಟ್ಟಿದ್ದ. ಈಗ ದೀಪದ್ದೇ genblk1. ದೀಪದ ವೈರು ಐದನೆಯ ರಾಟೆಯ ಕಡೆಯ ಗೋಡೆಯಿಂದ ಬಂದದ್ದರಿಂದ ಅವನು ಐದನೆಯದನ್ನೇ ಒಂದು ಎಂದು ಆ ತುದಿಯಿಂದ ಎಣಿಸಿದ್ದ. ದೀಪಕ್ಕೆ ಅದು ಸರಿಯೇ. ರಾಟೆಗಳು ಮಾತ್ರ ಸದ್ದಿಲ್ಲದೆ ತಿರುಗುಮುರುಗಾದವು. ಒಳಗಿನ ಸಿಗ್ನಲ್‌ಗಳ ಹೆಸರೂ ಒಂದೇ ಆಗಿದ್ದರಿಂದ ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ.

ಎರಡು ಬ್ಲಾಕಿಗೂ ಲೇಬಲ್ ಕೊಟ್ಟೆ, ರಾಟೆಯ ಸಾಲುಗಳಲ್ಲಿ ಆ ಹೆಸರನ್ನೇ ಬರೆದೆ. ಕೆಲಸ ಅಷ್ಟೇ. ಸೋಮವಾರ ಬೆಳಿಗ್ಗೆ ಚನ್ನಪಟ್ಟಣಕ್ಕೆ ಹೋಗಿ ಬೋರ್ಡು ಕೂರಿಸಿ, "ತಪ್ಪು ನಮ್ಮದು, ಇವರದಲ್ಲ," ಎಂದು ಎಲ್ಲರೆದುರು ಹೇಳಿದೆ. ಸಾಬರು ಗಡ್ಡ ಸವರಿಕೊಂಡು, "ಕೆಲ್ಸ ನೋಡ್ಕಳ್ರವ್ವ," ಎಂದಷ್ಟೇ ಹೇಳಿ ಹೊರಗೆ ಹೋದರು.

ಗೌರಮ್ಮ ಸ್ವಿಚ್ ಒತ್ತಿದಳು. ಅವಳ ರಾಟೆಯೇ ನಿಂತಿತು. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಇದೇನೋ ಸರಿಯಾತು ಸಾ. ಊರೋರ ಮುಂದೆ ಅವ್ಳ ಮಕ್ಕಳ್ನೆಲ್ಲ ಸೇರಿಸಿ ಬಾಯಿಗೆ ಬಂದಂಗೆ ಅಂದ್ಬುಟ್ಟಿವ್ನಿ. ಅದ್ನ ಹೆಂಗೆ ಸರಿ ಮಾಡ್ಲಿ?"

ಜಯಮ್ಮನಿಗೆ ಅದು ಕೇಳಿಸಿತು. ತಲೆ ಎತ್ತಲಿಲ್ಲ, ಬಿಸಿನೀರಿನಲ್ಲಿ ಎಳೆ ಹುಡುಕುತ್ತಲೇ ಇದ್ದಳು.

ಅಂದಿನಿಂದ ನಿವೃತ್ತಿಯ ದಿನದವರೆಗೆ ಲೇಬಲ್ ಇಲ್ಲದ ಬ್ಲಾಕು ಕಂಡರೆ ನಾನು ಬೈದು ವಾಪಸ್ಸು ಕಳಿಸುತ್ತಿದ್ದೆ. ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಿದವರಿಗೆ ಇದನ್ನೇ ಹೇಳುತ್ತಿದ್ದೆ: ಚಿಪ್ಪಿನೊಳಗೆ ಎಡವಟ್ಟಾದರೆ ಜನ ಚಿಪ್ಪನ್ನು ಬೈಯುವುದಿಲ್ಲ, ಪಕ್ಕದಲ್ಲಿ ಕೂತವರನ್ನು ಬೈಯುತ್ತಾರೆ. ಕೋಡನ್ನು ನಾನು ತಿದ್ದಬಲ್ಲೆ. ಊರವರ ಮುಂದೆ ಜಯಮ್ಮ ಕೇಳಿಸಿಕೊಂಡ ಬೈಗುಳವನ್ನು ತಿದ್ದುವುದು ನನಗೆ ಗೊತ್ತಿಲ್ಲ.